ಗುಳಿಗೆ ಮಾರಿದ ಮಹಾದೇವಿ

ಓಣಿಯ ಜನ ಆರೋಗ್ಯವಾಗಿದ್ದರೆ ಮಾತ್ರ ಔಷಧಿ ಅಂಗಡಿಯವರ ಸಂಬಳ ಏರುವ ಕಾಲವದು. ಒಂದು ಗುಳಿಗೆ ಮಾರಿದರೂ ಸಂಬಳಕ್ಕೆ ಕತ್ತರಿ ಬೀಳುತ್ತಿತ್ತು. ಹುಬ್ಬಳ್ಳಿಯ ಓಣಿಯೊಂದರ ಫಾರ್ಮಸಿಸ್ಟ್ ಮಹಾದೇವಿ ವರ್ಷವಿಡೀ ಜನರನ್ನು ನಡೆಸಿ, ಕುಣಿಸಿ, ಬೈದು ಗುಳಿಗೆಯಿಂದ ದೂರವಿಟ್ಟಿದ್ದಳು. ಅತಿ ಕಡಿಮೆ ಗುಳಿಗೆ ಮಾರಿದವರಿಗೆ ಸಿಗುವ ಮುಖ್ಯ ಫಾರ್ಮಸಿಸ್ಟ್ ಹುದ್ದೆಗೆ ಮರುದಿನವೇ ಆಯ್ಕೆಯಿತ್ತು. ಪಕ್ಕದ ಓಣಿಯ ಅಂಗಡಿಯ ಗುರುಸಿದ್ದನೂ ಅದರ ಮೇಲೆ ಕಣ್ಣಿಟ್ಟಿದ್ದ.

ಸಂಜೆ ನಿವೃತ್ತ ಕಂಡಕ್ಟರ್ ದಾವಲಸಾಬ ಕೆಮ್ಮುತ್ತ ಬಂದ. ಸುಮ್ಮಸುಮ್ಮನೆ ಗುಳಿಗೆ ಕೇಳುವುದು ಅವನ ಹಳೆಯ ಚಟ.

"ಕಾಕಾ, ಬಿಸಿನೀರು ಕುಡೀರಿ. ಇವತ್ತೊಂದಿನ ತಡಕೋರಿ," ಎಂದು ಮಹಾದೇವಿ ಕೈಮುಗಿದಳು.

"ಈ ಸಲ ಖರೇನ ಆರಾಮಿಲ್ಲವಾ."

ಅವನ ಹಣೆ ಮುಟ್ಟಿದಳು. ಕೆಂಡದಂತೆ ಸುಡುತ್ತಿತ್ತು. ತಡಮಾಡದೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಔಷಧಿ ಕೊಟ್ಟು ಕಳಿಸಿದಳು.

ಹುದ್ದೆ ಗುರುಸಿದ್ದನ ಪಾಲಾಯಿತು. ಅವನು ಪೇಡೆ ಹಿಡಿದು ಬಂದು, "ಒಂದು ಜ್ವರಾ ತಡೀಲಿಕ್ಕೆ ಆಗಲಿಲ್ಲೇನ್ರಿ ನಿಮಗ?" ಎಂದು ನಕ್ಕ. ಮಹಾದೇವಿ ಪೇಡೆಯ ಜೊತೆ ಅಳುವನ್ನೂ ನುಂಗಿದಳು.

ಚೇತರಿಸಿಕೊಂಡ ದಾವಲಸಾಬ ಮುಂದಿನ ವಾರ ಟ್ರಂಕು ಹೊತ್ತು ಅಂಗಡಿ ಮುಂದೆ ನಿಂತ.

"ಮನಿ ಬದಲಿ ಮಾಡೇನವಾ. ಗುರುಸಿದ್ದನ ಓಣಿಗೆ ಹೊಂಟೇನಿ."

"ಯಾಕ ಕಾಕಾ? ಇಲ್ಲೇನು ಕಡಿಮಿ ಆತು?"

"ಗುಳಿಗಿ ಕಡಿಮಿ ಆತು. ನನ್ನ ಮಂಡಿನೋವು, ಹೊಟ್ಟಿ ಉರಿ, ತಲಿಶೂಲಿ, ಎಲ್ಲಾ ಇನ್ನ ಮುಂದ ಆ ಸಾಹೇಬ್ರೇ ನೋಡ್ಕೊಳ್ಳಲಿ."

ಅವನ ಹಿಂದೆ ಓಣಿಯ ಇನ್ನಿಬ್ಬರು ಗುಳಿಗೆಪ್ರಿಯ ಮುದುಕರು ಹಾಸಿಗೆ ಸುತ್ತಿಕೊಂಡು, ತುಟಿ ಕಚ್ಚಿ ನಗು ತಡೆಯುತ್ತಿದ್ದರು.