ಭಾನುವಾರದ ಖಾರ

ಕೆಳಗೆ ಭಾಗ್ಯಶ್ರೀ ಸೀರೆಗಳನ್ನು ಚೀಲಕ್ಕೆ ತುರುಕುತ್ತಿದ್ದಳು. ಮೇಲೆ ತಾರಸಿಯಲ್ಲಿ ಅವಳ ಗಂಡ ಸೋಮನಾಥ ಅಳುತ್ತಿದ್ದ. ಯಾಕೆಂದು ಸಹಕಾರನಗರದ ಆ ಬೀದಿಗೆಲ್ಲ ಗೊತ್ತು. ಭಾನುವಾರ ಬೆಳಿಗ್ಗೆ ಅವನು ಮೆಣಸಿನಕಾಯಿ ತಿನ್ನುತ್ತಾನೆ.

ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಕುಲ್ಸುಮ್ ಕೆಳಗೆ ಬಗ್ಗಿ ಕೂಗಿದಳು. "ಅಕ್ಕಾ, ಇವತ್ತು ಜಾಸ್ತಿನೇ ಅಳ್ತಾವ್ರೆ ಕಣಕ್ಕ. ಒಂದ್ ಲೋಟ ಹಾಲಾದ್ರೂ ಕೊಡಿ."

"ಅಳ್ಲಿ ಬಿಡ್ರಿ," ಎಂದಳು ಭಾಗ್ಯಶ್ರೀ. "ಹೆತ್ತ ಮಗಳಿಗೆ ಬರದ ಕಣ್ಣೀರು ಮೆಣಸಿನಕಾಯಿಗಾದ್ರೂ ಬರ್ಲಿ."

ತಾರಸಿಯ ಕುಂಡಗಳಲ್ಲಿದ್ದ ಗಿಡಗಳು ಆ ಮಗಳು ಸ್ನೇಹಾಳವೇ. ಕೃಷಿ ಕಾಲೇಜು ಸೇರಿದ ವರ್ಷ ಎಲ್ಲಿಂದಲೋ ಎರಡು ಜಾತಿಯ ಮೆಣಸಿನ ಗಿಡ ತಂದಿದ್ದಳು. ಎರಡರ ಹಣ್ಣೂ ಕೆಂಪು, ಎರಡರ ಮೈಯೂ ಕಜ್ಜಿ ಎದ್ದಂತೆ ಗಂಟುಗಂಟು, ಎರಡಕ್ಕೂ ಚೇಳಿನ ಕೊಂಡಿಯಂಥ ಬಾಲ. ಒಂದು ಚೂರು ಕಚ್ಚಿದರೆ ಪ್ರಾಣ ಹೋಗಿ ಬರುತ್ತದೆ ಎಂದು ಹೆದರಿಸಿದ್ದಳು. ಬ್ಯಾಡಗಿ ಕಡೆಯಿಂದ ಬಂದ ಸೋಮನಾಥನಿಗೇ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. "ಕಣ್ಣಿಗೆ ಮೋಸ ಮಾಡ್ತಾವ ಅಪ್ಪಾ, ನಾಲಿಗಿಗೆ ಮಾಡಂಗಿಲ್ಲ," ಎಂದು ಮಗಳು ನಗುತ್ತಿದ್ದಳು.

ಒಂದರ ಪರಾಗ ಇನ್ನೊಂದರ ಹೂವಿಗೆ ಮುಟ್ಟಿಸಿ ಎರಡನ್ನೂ ಕೂಡಿಸಿದಳು. ಹುಟ್ಟಿದ ಗಿಡಗಳು ಒಂದಿದ್ದಂತೆ ಒಂದಿರಲಿಲ್ಲ. ಬೇಕಾದ ಗುಣದ ಗಿಡ ಆರಿಸಬೇಕು. ಜೇನುಹುಳು ಬೇರೆ ಹೂವಿನ ಪರಾಗ ತಂದು ಕೆಡಿಸದಂತೆ ಅದರ ಹೂವಿಗೆ ಸೊಳ್ಳೆಪರದೆಯ ಚೀಲ ಕಟ್ಟಬೇಕು. ಅದರ ಬೀಜವನ್ನೇ ಮತ್ತೆ ಬಿತ್ತಬೇಕು. ಎಲ್ಲ ಗಿಡವೂ ಒಂದೇ ಥರ ಬರುವ ತನಕ ಇದೇ ಕೆಲಸ. ಆಗ ತಳಿ ನಿಂತಿತು ಎನ್ನುತ್ತಾರೆ. ಯಾವ ಗುಣ ಬೇಕೆಂಬುದು ಮಾತ್ರ ಅಪ್ಪ ಮಗಳ ಗುಟ್ಟು. "ತಳಿ ನಿಂತ ಮ್ಯಾಲೆ ನಿಂಗ ಹೇಳ್ತೀನವ್ವಾ," ಎನ್ನುತ್ತಿದ್ದಳು ಸ್ನೇಹಾ. ಹೊಟ್ಟೆಹುಣ್ಣಾಗಿ ಖಾರವನ್ನೇ ಬಿಟ್ಟಿದ್ದ ಭಾಗ್ಯಶ್ರೀಗೆ ಆ ಗುಟ್ಟು ಕಟ್ಟಿಕೊಂಡು ಏನಾಗಬೇಕು? ಅವಳೂ ಒತ್ತಾಯ ಮಾಡಲಿಲ್ಲ.

ಆಗಿನ ಭಾನುವಾರಗಳೇ ಬೇರೆ. ಅಪ್ಪ ಮಗಳು ಕೈಗವಸು ಹಾಕಿಕೊಂಡು ಗಿಡಗಿಡದ ಹಣ್ಣನ್ನೂ ಚೂರು ಚೂರು ಕಚ್ಚಿ, "ಸತ್ನೆವ್ವೋ" ಎಂದು ಕುಣಿದು, ಮೊಸರಿನ ಪಾತ್ರೆಗೇ ಬಾಯಿ ಹಾಕುತ್ತಿದ್ದರು. ಕುಲ್ಸುಮ್ ಒಮ್ಮೆ ಒಂದು ಕಾಯಿ ಇಸಿದುಕೊಂಡು ಹೋಗಿ ಬಿರಿಯಾನಿಗೆ ಹಾಕಿದ್ದಳು. ಮನೆಮಂದಿಯೆಲ್ಲ ಕೆಮ್ಮುತ್ತ ರಸ್ತೆಗೆ ಬಂದು ನಿಂತಿದ್ದರು. ಭಾಗ್ಯಶ್ರೀ ನಕ್ಕೂ ನಕ್ಕೂ ಸುಸ್ತಾಗಿದ್ದಳು.

ಎರಡು ಮಳೆಗಾಲದ ಹಿಂದೆ ಸ್ನೇಹಾಗೆ ಡೆಂಗಿ ಜ್ವರ ಬಂತು. ಹೋಗಿಯೇಬಿಟ್ಟಳು.

ಸೋಮನಾಥ ಅಳಲಿಲ್ಲ. ಮಣ್ಣು ಮಾಡುವ ದಿನ ಬಂದವರಿಗೆ ಕುರ್ಚಿ ಹಾಕಿಸಿದ, ನೀರು ಕೊಡಿಸಿದ, ಶಾಮಿಯಾನದವನಿಗೆ ಫೋನು ಮಾಡಿದ. ಎಂಥ ಗಟ್ಟಿ ಮನುಷ್ಯ ಎಂದು ನೆಂಟರೆಲ್ಲ ಹೊಗಳಿದರು. ಗಟ್ಟಿಯಂತೆ ಗಟ್ಟಿ! ಭಾಗ್ಯಶ್ರೀಗೆ ಮೈ ಉರಿದುಹೋಯಿತು. ಅವಳು ಬಿಕ್ಕುತ್ತಿದ್ದರೆ ಅವನು ಗೋಡೆ ಕಡೆ ತಿರುಗಿ ಮಲಗುತ್ತಿದ್ದ. "ನನ್ನ ಮುಂದ ಒಂದ ಒಂದು ಹನಿ ಹಾಕ್ರಿ," ಎಂದು ಕೈಮುಗಿದು ಕೇಳಿದ್ದಳು. "ಅತ್ರ ಬರ್ತಾಳೇನು?" ಎಂದಿದ್ದ. ಅಷ್ಟು ದೊಡ್ಡ ದುಃಖವನ್ನು ಒಬ್ಬಳೇ ಹೊತ್ತು ಅವಳಿಗೆ ಸಾಕಾಗಿಹೋಯಿತು. ಹಾವೇರಿಗೆ, ಅಕ್ಕನ ಮನೆಗೆ ಹೊರಟಿದ್ದಳು. ವಾಪಸ್ಸು ಬರುವ ಮಾತಿರಲಿಲ್ಲ.

ಇಷ್ಟಾದರೂ ಅವನು ಗಿಡ ಬಿಟ್ಟನೇ? ಇಲ್ಲ. ಬಿತ್ತಿದ, ಆರಿಸಿದ, ಹೂವಿಗೆ ಚೀಲ ಕಟ್ಟಿದ. ಭಾನುವಾರ ಒಬ್ಬನೇ ಮೂಲೆಯಲ್ಲಿ ಕೂತು ಹಣ್ಣು ಕಚ್ಚಿದ, ಕಣ್ಣಿಂದ ಧಾರೆ. ಈಗೀಗ ಮೊಸರನ್ನೂ ಕೇಳುತ್ತಿರಲಿಲ್ಲ. ನಾಲಿಗೆ ಪಳಗಿರಬೇಕು ಎಂದುಕೊಂಡಳು ಭಾಗ್ಯಶ್ರೀ. ಬಿರಿಯಾನಿಯ ಪಾಡು ಮರೆತ ಕುಲ್ಸುಮ್ ಇನ್ನೊಂದು ಕಾಯಿ ಕೇಳಿದಾಗ, "ಬ್ಯಾಡ್ರೀ, ತಡಕೊಳ್ಳಾಕ ಆಗೂದಿಲ್ಲ," ಎಂದುಬಿಟ್ಟಿದ್ದ.

ಯಶವಂತಪುರ ಸ್ಟೇಷನ್ನಿಗೆ ಕರೆದ ಆಟೋ ಬಂದು ಹಾರನ್ ಹೊಡೆಯಿತು. ಭಾಗ್ಯಶ್ರೀ ಹೇಳಿಹೋಗಲು ಮೇಲೆ ಹತ್ತಿದಳು. ಅವಳನ್ನು ಕಂಡು ಸೋಮನಾಥ ಹಣ್ಣು ಮುರಿದ ಬೆರಳಲ್ಲೇ ಗಡಿಬಿಡಿಯಿಂದ ಕಣ್ಣೊರೆಸಿಕೊಂಡ.

"ಹೊಂಟೆ."

"ಹೂಂ."

"ಏನೂ ಹೇಳಂಗಿಲ್ಲೇನು?"

"ತಳಿ ನಿಂತೈತಿ, ಭಾಗ್ಯಾ." ಅವನು ಕುಂಡಗಳ ಕಡೆ ಕೈ ಮಾಡಿದ. "ಎಲ್ಲಾ ಗಿಡಾನೂ ಒಂದ ನಮೂನಿ ಬಂದಾವ. ಅಕಿ ಹೇಳಿದಂಗ."

"ಅದಕ್ಕ ಅಳಾಕತ್ತೀರೇನು?"

"ಖಾರ," ಎಂದ. ಚೀಲ ಆಟೋದಲ್ಲಿಡುತ್ತೇನೆಂದು ಅವಳ ಮುಖ ನೋಡದೆ ಇಳಿದುಹೋದ.

ಭಾಗ್ಯಶ್ರೀಗೆ ಸಿಟ್ಟು ನೆತ್ತಿಗೇರಿತು. ಮಗಳ ಸಾವಿಗಿಂತ ದೊಡ್ಡದು ಇದರಲ್ಲಿ ಏನಿದೆ? ಹೊಟ್ಟೆಯ ಹುಣ್ಣು, ಡಾಕ್ಟರ ಮಾತು ಯಾವುದೂ ನೆನಪಾಗಲಿಲ್ಲ, ನೆನಪಾಗಿದ್ದರೂ ನಿಲ್ಲುತ್ತಿರಲಿಲ್ಲ. ಸುಡಲಿ, ಕರುಳೇ ಸುಟ್ಟುಹೋಗಲಿ. ಅವನು ಕಚ್ಚಿಟ್ಟಿದ್ದ ಹಣ್ಣನ್ನು ಬೀಜದ ಸಮೇತ ಬಾಯಿಗೆ ಹಾಕಿಕೊಂಡಳು.

"ಅಯ್ಯೋ ಅಕ್ಕಾ, ಉಗೀರಿ, ಉಗೀರಿ!" ಕುಲ್ಸುಮ್ ಒದ್ದೆ ಬಟ್ಟೆ ಬಿಸಾಡಿ ಹಾಲು ತರಲು ಓಡಿದಳು.

ಭಾಗ್ಯಶ್ರೀ ಕಣ್ಣು ಮುಚ್ಚಿ, ಸೆರಗು ಬಿಗಿಹಿಡಿದು, ಉರಿಗಾಗಿ ಕಾದಳು. ಬಾಯ್ತುಂಬ ಮಾಗಿದ ಹಣ್ಣಿನ ಘಮ ಬಂತು. ಅಗಿದಳು, ನುಂಗಿದಳು, ಮತ್ತೆ ಕಾದಳು. ಕೆಳಗೆ ಆಟೋ ಇನ್ನೊಮ್ಮೆ ಹಾರನ್ ಹೊಡೆಯಿತು. ಪಕ್ಕದ ಗಿಡದಿಂದ ಒಂದು ಕಿತ್ತು ಕಚ್ಚಿದಳು, ಅದರಾಚೆಯ ಗಿಡದಿಂದ ಇನ್ನೊಂದು. ಕುಲ್ಸುಮ್ ಹಾಲಿನ ಲೋಟ ಹಿಡಿದು ಏದುಸಿರು ಬಿಡುತ್ತ ಬಂದಾಗ ಅವಳು ಕುಂಡಗಳ ನಡುವೆ ಕುಸಿದು ಕೂತಿದ್ದಳು.

"ಕುಲ್ಸುಮ್," ಎಂದಳು, "ಒಂದರಾಗೂ ಖಾರಾನ ಇಲ್ರಿ."