ಕೈಯಿಂದ ಎರಡು, ಮೇಜಿನಿಂದ ಮೂರು

"ಮೂರು ರಾಜ!" ಎಂದು, ಅಂಗಿಗಳಿಗೆ ಗುಂಡಿಯ ಕಾಜ ಹೊಲಿಯುವ ಕಾಜದವಳು ಕೈಯಲ್ಲಿದ್ದ ಇಸ್ಪೀಟು ಎಲೆಗಳನ್ನು ಮೇಜಿಗೆ ಬಡಿದಳು. ಬಟ್ಟೆ ಕತ್ತರಿಸುವ ಆ ಉದ್ದನೆಯ ಮೇಜಿನ ಸುತ್ತ ಬುತ್ತಿ ಹಿಡಿದು ನಿಂತಿದ್ದ ಹೊಲಿಗೆಯವರೆಲ್ಲ ಹೋ ಎಂದರು. ಎದುರಿಗೆ ಕೂತಿದ್ದವನು ಅವಳ ಅಕ್ಕನ ಗಂಡ, ಅದೇ ಕಾರ್ಖಾನೆಯ ಕತ್ತರಿಯವನು. ಪೆಚ್ಚು ಮೋರೆಯಲ್ಲಿ ತನ್ನ ಒಂಬತ್ತನ್ನೂ ಐದನ್ನೂ ತೋರಿಸಿದ. ಮೇಜಿನ ನಡುವೆ ತೆರೆದಿಟ್ಟ ಐದು ಎಲೆಗಳ ಪೈಕಿಯೂ ಒಂದು ಒಂಬತ್ತು, ಒಂದು ಐದು ಇದ್ದವು.

"ಗೆದ್ದವನು ನಿನ್ನ ಭಾವ," ಎಂದರು ಎಲೆ ಹಂಚುತ್ತಿದ್ದ ಇಸ್ತ್ರಿ ಮಾಮ.

"ಅದ್ಹೇಗೆ ಮಾಮ? ಎರಡು ಜೋಡಿಗಿಂತ ಮೂರು ರಾಜ ದೊಡ್ಡದು ಅಂತ ನೀವೇ ಹೇಳಿದ್ರಲ್ಲ?"

"ದೊಡ್ಡದೇ. ಆದ್ರೆ ಕೈಗೆ ನಾಲ್ಕು ಎಲೆ ಬಂದ್ರೂ ಲೆಕ್ಕಕ್ಕೆ ಎರಡೇ. ಮಿಕ್ಕ ಮೂರು ಮೇಜಿಂದಲೇ ತಗೋಬೇಕು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ನಿನ್ನ ಮೂರನೇ ರಾಜ ಸಿಂಹಾಸನ ಇಲ್ಲದೆ ನಿಂತಿದ್ದಾನೆ ನೋಡು! ರಮ್ಮಿ ಆಡಿ ಆಡಿ ಎಲ್ಲಾನೂ ಕೈಯಲ್ಲೇ ಕೂಡಿಸೋ ಚಟ ನಿಮಗೆ. ಇಲ್ಲಿ ಬರೀ ಕೈ ಸಾಲದು ಕಣಮ್ಮ."

ಓಮಾಹಾ ಅಂತ ಈ ಆಟದ ಹೆಸರು, ಪೋಕರಿನ ದಾಯಾದಿ. ಮಾಮ ಹಡಗಿನಲ್ಲಿ ಇಸ್ತ್ರಿ ಮಾಡುತ್ತಿದ್ದ ಕಾಲದಲ್ಲಿ ಕಲಿತದ್ದು. ರಮ್ಮಿಯಲ್ಲಿ ಭಾವನನ್ನು ಸೋಲಿಸುವವರು ಆ ಕಾರ್ಖಾನೆಯಲ್ಲಿ ಹುಟ್ಟಿರಲಿಲ್ಲವಾದ್ದರಿಂದ, ಇಬ್ಬರಿಗೂ ಗೊತ್ತಿಲ್ಲದ ಆಟವೇ ನ್ಯಾಯದ ಆಟ ಎಂದು ಇದನ್ನು ಆರಿಸಿದ್ದರು. ಪಣ ದುಡ್ಡಲ್ಲ, ಬಾಗಿಲು. ಕೆಲಸದ ಹೊತ್ತಿನಲ್ಲಿ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಜಡಿಯುತ್ತಿದ್ದರು, ಬಟ್ಟೆ ಕದ್ದಾರೆಂದು. ಹೊಲಿದ ಅಂಗಿಯ ಮೇಲಿದ್ದ ಕಾವಲು ಹೊಲಿಯುವವರ ಉಸಿರಿನ ಮೇಲಿರಲಿಲ್ಲ. ಹೋದ ವಾರ ಮೋಟಾರು ಸುಟ್ಟು ಹೊಗೆ ತುಂಬಿದಾಗ ಎಲ್ಲರೂ ಆ ಬಾಗಿಲಿಗೆ ಡಿಕ್ಕಿ ಹೊಡೆದು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಇವತ್ತು ಊಟದ ಬಿಡುವು ಮುಗಿಯುವಷ್ಟರಲ್ಲಿ ಧಣಿ ಬರುತ್ತಾನೆ. ಮಾತಾಡಲು ಒಬ್ಬರನ್ನಷ್ಟೇ ಒಳಗೆ ಬಿಡುವುದಂತೆ. ನಾನು ಹೋಗುತ್ತೇನೆಂದು ಭಾವ, ನಾನೇ ಎಂದು ಇವಳು. ಆಟ ಗೆದ್ದವರು ಹೋಗಿ ಆ ಬೀಗ ತೆಗೆಸುವ ಮಾತಾಡುವುದು ಎಂದಾಗಿತ್ತು.

"ನೀನು ಹೋದ್ರೆ ಉರಿಯೋ ಬೆಂಕಿಗೆ ತುಪ್ಪ ಸುರೀತೀಯ," ಎಂದ ಭಾವ. "ನಾಳೆ ನಿನ್ನ ಕೆಲಸ ಹೋದ್ರೆ ನಿಮ್ಮಕ್ಕ ನನಗೆ ಮನೆಯಲ್ಲಿ ನೀರು ಕೊಡ್ತಾಳಾ? ನಾನಾದ್ರೆ, 'ದಯವಿಟ್ಟು ಯೋಚನೆ ಮಾಡಿ ಸಾರ್' ಅಂತೀನಿ."

"ಹೊಗೆಯಲ್ಲಿ ನಾನೂ ಆ ಬಾಗಿಲಿಗೆ ಕೈ ಮುಗಿದು ದಯವಿಟ್ಟು ಅಂದಿದ್ದೆ ಭಾವ. ಬೀಗಕ್ಕೆ ಕಿವಿ ಇರ್ಲಿಲ್ಲ. ಹಂಚಿ ಮಾಮ!"

ಕಲಿಕೆಯ ಆಟ ಮುಗಿಯಿತು, ಈಗಿನದು ನಿಜದ್ದು. ಕಾಜದವಳಿಗೆ ಬಂದ ನಾಲ್ಕರಲ್ಲಿ ಕಣ್ಣಿಗೆ ಕಾಣುವಂಥದ್ದು ಒಂದು ಕಪ್ಪು ಜಾಕಿ ಮಾತ್ರ. ಮಿಕ್ಕವು ಡೈಮಂಡಿನ ಎರಡು, ಹೃದಯದ ಗುರುತಿನ ಆಟೀನಿನ ಮೂರು ಮತ್ತು ಆರು. ಕಸ ಎಂದುಕೊಂಡಳು. ಮಾಮ ಮೇಜಿನ ಮೇಲೆ ಮೂರು ಎಲೆ ತೆರೆದರು: ಆಟೀನಿನ ರಾಣಿ, ಆಟೀನಿನ ನಾಲ್ಕು, ಒಂದು ಕಪ್ಪು ಒಂಬತ್ತು. ಅವಳ ಬೆನ್ನು ನೆಟ್ಟಗಾಯಿತು. ನಾಲ್ಕನೆಯದು ಆಟೀನಿನ ಹತ್ತು! ಕೈಯಿಂದ ಎರಡು, ಮೇಜಿನಿಂದ ಮೂರು, ಐದೂ ಕೆಂಪು ಹೃದಯ. ಕೂಗಿಬಿಡುವ ಬಾಯಿಯನ್ನು ಸೆರಗಿನಿಂದ ಒತ್ತಿ ಹಿಡಿದಳು. ಒಂದೇ ಗುರುತಿನ ಐದು ಸೇರಿದರೆ ಮೂರು ರಾಜರನ್ನೂ ಮೀರಿಸುತ್ತದೆ ಎಂದು ಮಾಮ ಮೊದಲೇ ಹೇಳಿದ್ದರು.

ಕಡೆಯ ಎಲೆ ತೆರೆಯಿತು. ಅದೂ ಆಟೀನು, ಎಂಟು.

ಭಾವ ಸ್ಟೂಲನ್ನು ಒದ್ದು ಎದ್ದ. "ಎಕ್ಕ! ಆಟೀನಿನ ಎಕ್ಕ! ಮೇಜಿನ ಮೇಲೆ ನಾಲ್ಕು, ನನ್ನ ಹತ್ರ ಒಂದು, ಆಯ್ತಲ್ಲ ಐದು! ಇದಕ್ಕಿಂತ ದೊಡ್ಡದು ಯಾರ ಅಪ್ಪನ ಹತ್ರ ಇದೆ?" ಗುಂಪು ಕುಣಿಯಿತು. ಯಾರೋ ಅವನ ಬೆನ್ನಿಗೆ ಗುದ್ದಿದರು. ಕಾಜದವಳು ತನ್ನ ಎಲೆಗಳನ್ನು ನೋಡಿಕೊಂಡಳು. ಮೂರು, ಆರು, ಎಕ್ಕದ ಮುಂದೆ ಇವೆಷ್ಟರವು? ಎಲೆಗಳನ್ನು ಮಗುಚಿಡಲು ಹೋದವಳು ಹಾಗೇ ತಡೆದು ನಿಂತಳು.

"ಭಾವ, ಇನ್ನೊಂದು ತೋರ್ಸಿ."

"ಇನ್ನೊಂದು ಯಾಕೆ? ಕಣ್ಣಿಗೆ ಎಕ್ಕ ಕಾಣಲ್ವಾ?"

"ಕಾಣುತ್ತೆ. ಅದರ ಜೊತೆಗಾರ ಎಲ್ಲಿ? ಮೇಜಿಂದ ಮೂರೇ ಕೊಡೋದು. ನಿಮ್ಮ ಕೈಯಿಂದ ಎರಡು ಆಟೀನು ಬೇಕು."

ಕುಣಿಯುತ್ತಿದ್ದವರು ನಿಂತರು. ಭಾವ ತನ್ನ ಕೈ ನೋಡಿಕೊಂಡ. ಮತ್ತೆ ನೋಡಿಕೊಂಡ. ಎಕ್ಕದ ಪಕ್ಕ ಇದ್ದದ್ದೆಲ್ಲ ಕಪ್ಪು. ಕಾಜದವಳು ತನ್ನ ಬಡಪಾಯಿ ಮೂರನ್ನೂ ಆರನ್ನೂ ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು, ರಾಣಿ, ಹತ್ತು, ಎಂಟನ್ನು ಬೆರಳಿನಿಂದ ಅವುಗಳತ್ತ ಎಳೆದುಕೊಂಡಳು. ಮಾಮ ನಕ್ಕ ನಗೆಗೆ ಹಲ್ಲುಕಟ್ಟು ಸಡಿಲವಾಯಿತು. "ಗೆದ್ದೆ ಕಣೇ! ಹಡಗಿನಲ್ಲೂ ಘಟಾನುಘಟಿಗಳು ಇಲ್ಲೇ ಮುಳುಗ್ತಿದ್ರು!" ಆಮೇಲೆ ಎದ್ದ ಕೂಗಿಗೆ ಮೇಲಿನ ತಗಡು ಅದುರಿತು.

ಹೊರಗೆ ಕಾರಿನ ಹಾರನ್ನು ಕೇಳಿಸಿತು. ಕಾಜದವಳು ಎದ್ದು, ಮೈಮೇಲಿನ ದಾರದ ಚೂರುಗಳನ್ನು ಕೊಡವಿಕೊಂಡಳು. ಭಾವ ಎಲೆಗಳನ್ನು ಕೆಳಗಿಟ್ಟ.

"ನಡಿ," ಎಂದ. "ಬಾಯಿ ತಪ್ಪಿದ್ರೂ ಪರ್ವಾಗಿಲ್ಲ. ಹೊರಗೆ ನಾನಿರ್ತೀನಿ."

ಧಣಿಯ ಕೋಣೆ ತಣ್ಣಗಿತ್ತು. ಅವನು ಫೋನಿನಿಂದ ತಲೆ ಎತ್ತದೆ, "ಬಾಗಿಲು ಹಾಕಿ ಬಾ," ಎಂದ.

ಅವಳು ಗೋಡೆಗಾನಿಸಿದ್ದ ಕುರ್ಚಿಯನ್ನು ಕರಕರನೆ ಎಳೆದು, ತೆರೆದ ಬಾಗಿಲಿಗೇ ಒತ್ತಿ ಇಟ್ಟು, ಅದರ ಮೇಲೆ ಕೂತಳು.