ಮೊದಲ ಪೇಡ

ನಮ್ಮ ಗಾರ್ಮೆಂಟ್ಸ್‌ನವರು ಎಚ್.ಆರ್. ಕೆಲಸವನ್ನೆಲ್ಲ ಹೊರಗಿನ ಏಜೆನ್ಸಿಗೆ ಕೊಟ್ಟ ಮೇಲೆ ನನ್ನ ಕುರ್ಚಿಯಲ್ಲಿ ಅವರ ಎ.ಐ., ಮಾತಾಡುವ ಪೆಟ್ಟಿಗೆಯೊಂದು, ಕೂತಿದೆ. ನನ್ನನ್ನು ಗುಂಡಿ, ಜಿಪ್ಪು ನೋಡಿಕೊಳ್ಳಲು ಸ್ಟೋರ್ ರೂಮಿಗೆ ತಳ್ಳಿದರು. ರಜೆ ಕೇಳಲು, ಸೂಪರ್‌ವೈಸರ್ ಮೇಲೆ ದೂರು ಹೇಳಲು ಹೆಂಗಸರೆಲ್ಲ ಈಗ ಅದರ ಮುಂದೆ ಸಾಲು ನಿಲ್ಲುತ್ತಾರೆ. ಯಾರೂ ಕೆಲಸ ಬಿಡುತ್ತಿಲ್ಲ, ಪ್ರೊಡಕ್ಷನ್ ಏರಿದೆ ಅಂತ ಮಾಲೀಕರು ಅದನ್ನು ಹೊಗಳಿದ್ದೇ ಹೊಗಳಿದ್ದು. ಕೇಳಿದಾಗಲೆಲ್ಲ ನನ್ನ ಹೊಟ್ಟೆ ಧಗಧಗ. ಕರುಳೇ ಇಲ್ಲದ್ದಕ್ಕೆ ಯಾರ ಕಷ್ಟ ಏನು ಗೊತ್ತು?

ಒಂದೇ ಸಮಾಧಾನವಿತ್ತು. ಮಗು ಹುಟ್ಟಲಿ, ಮಗಳು ಪಾಸಾಗಲಿ, ಸಿಹಿ ಮಾತ್ರ ನನಗೇ ಬರುತ್ತಿತ್ತು. ಪೆಟ್ಟಿಗೆಗೆ ಯಾರು ಪೇಡ ಕೊಡುತ್ತಾರೆ!

ಇವತ್ತು ಟೈಲರ್ ಹೊನ್ನಮ್ಮ ಅಜ್ಜಿಯಾದಳು. ಡಬ್ಬಿ ಹಿಡಿದು ಸ್ಟೋರ್ ರೂಮಿಗೇ ಬಂದಳು. ನಾನು ಪೇಡ ಬಾಯಿಗೆ ಹಾಕಿಕೊಂಡು, "ಎಷ್ಟಾದರೂ ನೀವ್ಯಾರೂ ನನ್ನ ಮರೆತಿಲ್ಲ ಬಿಡು," ಅಂದೆ.

"ಅಯ್ಯೋ ಮೇಡಂ, ಮೊದಲು ಆ ಪೆಟ್ಟಿಗೆ ಮುಂದೇನೇ ಇಟ್ಟೆ," ಅಂದಳು ಹೊನ್ನಮ್ಮ. "ಎಲ್ಲರಿಗೂ ಹೇಳೋ ಹಾಗೇ ನನಗೂ ಹೇಳ್ತು. 'ನನಗೆ ತಿನ್ನೋಕಾಗಲ್ಲಮ್ಮ, ಸ್ಟೋರ್‌ನಲ್ಲಿರೋ ಮೇಡಂಗೆ ಕೊಡಿ. ಪಾಪ, ಒಬ್ಬರೇ ಕೂತಿರ್ತಾರೆ' ಅಂತ."

ಪೇಡ ನುಂಗಲೂ ಆಗದೆ, ಉಗುಳಲೂ ಆಗದೆ ಕೂತೆ. ಹೊನ್ನಮ್ಮ ಡಬ್ಬಿಯನ್ನು ಮತ್ತೆ ಮುಂದೆ ಚಾಚಿದಳು.

"ಇನ್ನೊಂದು ತಗೊಳ್ಳಿ. ಮೇಡಂ ತಿಂದ್ರಾ ಅಂತ ಆಮೇಲೆ ಅದು ಕೇಳುತ್ತೆ."